ಎಲೆ ತುದಿಯ ಉಪ್ಪಿನಕಾಯಿ

ಕಳೆದ ಮಾರ್ಚ್‌ನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ವಾರ್ಷಿಕ ಸಭೆ ನಡೆಯಿತು. ಟ್ಯಾಂಕರ್ ನೀರಿನ ಖರ್ಚು, ಲಿಫ್ಟ್ ರಿಪೇರಿ, ಬೀದಿನಾಯಿಗಳಿಗೆ ಊಟ ಹಾಕೋರು ಮತ್ತು ಹಾಕಬಾರದು ಅನ್ನೋರ ಜಗಳ, ಎಲ್ಲ ಮುಗಿದು ಜನ ಕಾಫಿ ಫ್ಲಾಸ್ಕಿನ ಕಡೆ ನೋಡ್ತಿದ್ದಾಗ ಕೊನೇ ವಿಷಯ ಬಂತು. ನಮ್ಮಲ್ಲಿರೋ ಒಂದೇ ಒಂದು ಟೆನಿಸ್ ಕೋರ್ಟನ್ನು ಪಿಕಲ್‌ಬಾಲ್ ಕೋರ್ಟ್ ಮಾಡಬೇಕಾ, ಬೇಡವಾ? ಒಬ್ಬರು ಎದ್ದು ಲೆಕ್ಕ ಹೇಳಿದರು: ಒಂದು ಟೆನಿಸ್ ಕೋರ್ಟಿನ ಜಾಗದಲ್ಲಿ ನಾಲ್ಕು ಪಿಕಲ್‌ಬಾಲ್ ಕೋರ್ಟ್ ಬರುತ್ತೆ, ಹೆಚ್ಚೆಂದರೆ ನಾಲ್ಕು ಜನ ಆಡೋ ಕಡೆ ಹದಿನಾರು ಜನ ಆಡಬಹುದು. ಇದಕ್ಕೆ ಎದುರು ವಾದ ಏನಿದೆ? ಒಪ್ಪಿದವರು ಕೈ ಎತ್ತಿ ಅಂದರು. ಎತ್ತಿದೆವು. ನಾನೂ ಎತ್ತಿದೆ.

ಅದು ಸರಿಯಾಯ್ತಾ ಅಂತ ಅವತ್ತಿನಿಂದ ಯೋಚಿಸ್ತಾ ಇದ್ದೀನಿ.

ಮೊದಲೇ ಹೇಳಿಬಿಡ್ತೀನಿ, ನಾನು ಈ ಆಟದ ವೈರಿ ಅಲ್ಲ. ವಾರಕ್ಕೆ ನಾಲ್ಕು ದಿನ ಆಡ್ತೀನಿ. ಮೊದಲ ದಿನ ಪ್ಯಾಡಲ್ ಹಿಡಿದ ಇಪ್ಪತ್ತೇ ನಿಮಿಷಕ್ಕೆ ಹತ್ತು ಹೊಡೆತದ ರ‍್ಯಾಲಿ ಆಡಿದ್ದೆ. ಜೀವನದಲ್ಲಿ ಯಾವ ಆಟದಲ್ಲೂ ನನಗೆ ಅಂಥ ಮರ್ಯಾದೆ ಸಿಕ್ಕಿರಲಿಲ್ಲ. ಎರಡನೇ ದಿನ ಬಿ ಬ್ಲಾಕಿನ ನಿವೃತ್ತ ಬ್ಯಾಂಕ್ ಆಂಟಿ ನನ್ನನ್ನು 11-4ರಲ್ಲಿ ಸೋಲಿಸಿ, 'ಸಂಜೆ ಬಾರಪ್ಪ, ಅವರೆಕಾಳು ಉಪ್ಪಿಟ್ಟು ಮಾಡ್ತೀನಿ' ಅಂತ ಕರೆದರು. ಅವರ ಹೆಸರು ಗೊತ್ತಾಗೋಕೆ ನಾನು ಆ ಕಟ್ಟಡದಲ್ಲಿ ಮೂರು ವರ್ಷ ಇಎಂಐ ಕಟ್ಟಬೇಕಾಯ್ತು.

ನಿಯಮ ಕಲಿಸಿಕೊಟ್ಟಿದ್ದೂ ಅವರೇ. ನೆಟ್ಟಿನ ಎರಡೂ ಕಡೆ 7 ಅಡಿ ಜಾಗಕ್ಕೆ ಈ ಆಟದಲ್ಲಿ 'ಕಿಚನ್' ಅಂತಾರೆ. ಅದರೊಳಗೆ ನಿಂತು ಚೆಂಡನ್ನು ಗಾಳಿಯಲ್ಲೇ ಹೊಡೆಯೋ ಹಾಗಿಲ್ಲ. ಚೆಂಡು ನೆಲಕ್ಕೆ ಬಿದ್ದ ಮೇಲೆ ಮಾತ್ರ ಒಳಗೆ ಹೋಗಿ ಹೊಡೆಯಬಹುದು. 'ನಮ್ಮತ್ತೆ ಮಡಿಯಲ್ಲಿದ್ದಾಗ ಅಡುಗೆಮನೆ ಇತ್ತಲ್ಲ, ಹಾಗೆ ಅನ್ಕೋ. ಸುಮ್ಮಸುಮ್ಮನೆ ಕಾಲಿಡಬಾರದು' ಅಂದರು. ಇದಕ್ಕಿಂತ ಚೆನ್ನಾಗಿ ಯಾವ ವಿಡಿಯೋದಲ್ಲೂ ನಾನು ಇದನ್ನು ಕೇಳಿಲ್ಲ.

ಆ 7 ಅಡಿಯಲ್ಲೇ ಈ ಆಟದ ಜಾಣತನ ಇರೋದು. ಎತ್ತರ ಇರೋರು, ತೋಳಲ್ಲಿ ಬಲ ಇರೋರು ನೆಟ್ ಹತ್ತಿರ ನುಗ್ಗಿ ಸ್ಮ್ಯಾಶ್ ಮಾಡಿ ಮುಗಿಸೋಕಾಗಲ್ಲ. ಸರ್ವ್ ಕೆಳಗಿನಿಂದಲೇ ಮಾಡಬೇಕು. ಸರ್ವ್ ಆದ ಚೆಂಡು ಆ ಕಡೆ ಒಮ್ಮೆ, ವಾಪಸ್ ಬಂದದ್ದು ಈ ಕಡೆ ಒಮ್ಮೆ ನೆಲ ಮುಟ್ಟಲೇಬೇಕು. ಚೆಂಡು ಪ್ಲಾಸ್ಟಿಕ್ಕಿನದು, ಮೈತುಂಬ ತೂತು, ಗಾಳಿಯಲ್ಲಿ ಬೇಗ ಸುಸ್ತಾಗುತ್ತೆ. ಕೋರ್ಟ್ ಅಳತೆ 44 ಅಡಿಗೆ 20 ಅಡಿ, ಅಂದರೆ ಬ್ಯಾಡ್ಮಿಂಟನ್ ಡಬಲ್ಸ್ ಕೋರ್ಟಿನಷ್ಟೇ. ಟೆನಿಸ್ ಕೋರ್ಟ್ 78 ಅಡಿಗೆ 36 ಅಡಿ. ಹೀಗೆ ಬಲಶಾಲಿಯ ಲಾಭವನ್ನೆಲ್ಲ ಒಂದೊಂದಾಗಿ ಕಿತ್ತುಕೊಂಡು, ಹೊಸಬರ ಕೈಗೆ ಕೊಟ್ಟಿದ್ದಾರೆ.

ಹಾಗಂತ ಇದನ್ನು ಯಾರೋ ಕೂತು ಪ್ಲಾನ್ ಮಾಡಿದ್ದೇನಲ್ಲ. 1965ರ ಬೇಸಿಗೆಯಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೇನ್‌ಬ್ರಿಜ್ ದ್ವೀಪದಲ್ಲಿ ಜೋಯೆಲ್ ಪ್ರಿಚರ್ಡ್ ಮತ್ತು ಬಿಲ್ ಬೆಲ್ ಅನ್ನೋ ಗೆಳೆಯರು, ಬೇಜಾರಾಗಿದೆ ಅಂತ ಕಾಡೋ ಮಕ್ಕಳಿಗಾಗಿ, ಹಳೇ ಬ್ಯಾಡ್ಮಿಂಟನ್ ಕೋರ್ಟಿನಲ್ಲಿ ಟೇಬಲ್ ಟೆನಿಸ್ ಬ್ಯಾಟ್, ತೂತಿನ ಚೆಂಡು ಹಿಡಿದು ಶುರು ಮಾಡಿದ ಆಟ. ಆಮೇಲೆ ಬಾರ್ನಿ ಮೆಕಾಲಮ್ ಸೇರಿಕೊಂಡು ನಿಯಮ ಕಟ್ಟಿದರು. ದೋಣಿ ಸ್ಪರ್ಧೆಯಲ್ಲಿ ಬೇರೆ ಬೇರೆ ತಂಡದಲ್ಲಿ ಉಳಿದವರನ್ನೆಲ್ಲ ಸೇರಿಸಿ ಕಟ್ಟೋ 'ಪಿಕಲ್ ಬೋಟ್'ನಿಂದ ಹೆಸರು ಬಂತು ಅಂತ ಒಂದು ಕಥೆ, ಮನೆಯ ನಾಯಿ ಹೆಸರು ಅಂತ ಇನ್ನೊಂದು. ನಮ್ಮ ಕಡೆ ಉಪ್ಪಿನಕಾಯಿ ಎಲೆ ತುದಿಗೆ ಬಡಿಸೋ ಪದಾರ್ಥ. ಈಗ ಎಲೆ ನಡುವಿನ ಅನ್ನವನ್ನೇ ಪಕ್ಕಕ್ಕೆ ಸರಿಸಿ ಕೂತಿದೆ.

ಈ ಚಿಂತೆ ನನ್ನದೊಬ್ಬನದೇ ಅಲ್ಲ. 2024ರ ವಿಂಬಲ್ಡನ್ ಸಮಯದಲ್ಲಿ ಸ್ವತಃ ನೊವಾಕ್ ಜೊಕೊವಿಚ್, ಕ್ಲಬ್ ಮಟ್ಟದಲ್ಲಿ ಟೆನಿಸ್ ಅಪಾಯದಲ್ಲಿದೆ, ಹೀಗೇ ಬಿಟ್ಟರೆ ಕ್ಲಬ್ಬುಗಳೆಲ್ಲ ಪ್ಯಾಡೆಲ್, ಪಿಕಲ್‌ಬಾಲ್ ಕಡೆ ಹೋಗ್ತಾವೆ, ಯಾಕೆಂದರೆ ಅದರಲ್ಲೇ ದುಡ್ಡಿದೆ ಅಂದಿದ್ದರು. ಮುಂದಿನ ವರ್ಷ ಆಂಡ್ರೆ ಅಗಾಸ್ಸಿ 55ರ ವಯಸ್ಸಿನಲ್ಲಿ, 18 ವರ್ಷದ ಆನಾ ಲೀ ವಾಟರ್ಸ್ ಜೊತೆ ವೃತ್ತಿಪರ ಪಿಕಲ್‌ಬಾಲ್ ಟೂರ್ನಿ ಆಡಿದರು. 55 ಮತ್ತು 18 ಒಂದೇ ಕಡೆ ನಿಂತು ಗಂಭೀರವಾಗಿ ಆಡಬಹುದು ಅನ್ನೋದೇ ಈ ಆಟದ ದೊಡ್ಡ ಜಾಹೀರಾತು.

ಟೆನಿಸ್ ಸೋತದ್ದಕ್ಕೆ ಟೆನಿಸ್ಸೂ ಕಾರಣ, ಅದನ್ನೂ ಹೇಳಬೇಕು. 29ನೇ ವಯಸ್ಸಲ್ಲಿ ನಾನು ಕಲಿಯೋಕೆ ಹೋಗಿದ್ದೆ. ಆರು ವಾರ ಆದ್ರೂ ಸರ್ವ್ ಬಾಕ್ಸಿಗೆ ಬೀಳಲಿಲ್ಲ. ಒಂದು ಕೈ ಚೆಂಡು ಮೇಲೆ ಹಾರಿಸ್ತಿರಬೇಕು, ಇನ್ನೊಂದು ಕೈ ಹಿಂದೆ ಹೋಗ್ತಿರಬೇಕು, ಮಂಡಿ ಬಾಗಬೇಕು, ಬೆನ್ನು ತಿರುಗಬೇಕು. ನನಗೆ ಇವು ನಾಲ್ಕೂ ಬೇರೆ ಬೇರೆ ದಿನ ಬರ್ತಿದ್ದವು. ಏಳನೇ ವಾರ ರಿಲೀಸ್ ಇದೆ ಅಂತ ತಪ್ಪಿಸಿದವನು ಮತ್ತೆ ಹೋಗಲೇ ಇಲ್ಲ. ಇನ್ನು ಆಡೋ ಜಾಗದ ಮಾತು. ಕಬ್ಬನ್ ಪಾರ್ಕಿನ ಟೆನಿಸ್ ಸ್ಟೇಡಿಯಂ ಪಕ್ಕ ಸಾವಿರ ಸಲ ಓಡಾಡಿದ್ದೀನಿ, ಒಳಗೆ ಹೋಗೋ ಧೈರ್ಯ ಬಂದಿಲ್ಲ. ಊರಿನ ಹಳೇ ಕ್ಲಬ್ಬುಗಳ ಗೇಟಿನ ಮುಂದೆ ನಿಂತರಂತೂ ಷೂ ಪಾಲಿಶ್ ಆಗಿದೆಯಾ ಅಂತ ಕೆಳಗೆ ನೋಡ್ಕೋಬೇಕು ಅನ್ಸುತ್ತೆ. ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ, 43ನೇ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ನಾವೆಲ್ಲ ಸ್ಟೇಟಸ್ ಹಾಕಿದ್ದೇ ಹಾಕಿದ್ದು. ಮರುದಿನ ರ‍್ಯಾಕೆಟ್ ಹಿಡಿದು ಹೊರಟವರು ನಮ್ಮಲ್ಲಿ ಎಷ್ಟು ಜನ?

ಆದ್ದರಿಂದ 'ಟೆನಿಸ್ ಶ್ರೀಮಂತರದು, ಪಿಕಲ್‌ಬಾಲ್ ಎಲ್ಲರದು' ಅಂತ ಜನ ಹೇಳಿದರೆ ಮೊದಲರ್ಧ ಒಪ್ತೀನಿ. ನನ್ನ ತಕರಾರು ಎರಡನೇ ಅರ್ಧದ ಮೇಲೆ. ಈ 'ಎಲ್ಲರು' ಅಂದರೆ ಯಾರು? ಬೆಂಗಳೂರಿನಲ್ಲಿ ಈ ಆಟ ಇರೋದು ಟೆರೇಸ್ ಮೇಲೆ, ಖಾಲಿ ಸೈಟಿನಲ್ಲಿ, ಟೆಕ್ ಪಾರ್ಕಿನೊಳಗೆ. ಆಪ್‌ನಲ್ಲಿ ಸ್ಲಾಟ್ ಬುಕ್ ಮಾಡಬೇಕು, ಗಂಟೆ ಲೆಕ್ಕದಲ್ಲಿ ದುಡ್ಡು. ಒಳ್ಳೇ ಪ್ಯಾಡಲ್ ಬೆಲೆ ಹತ್ತು ಸಾವಿರ ದಾಟುತ್ತೆ. ಪಕ್ಕದ ಮನೆಯವರ ಪಾಲಿಗೆ ರಾತ್ರಿ ಹತ್ತರವರೆಗೆ ಟಕ್ ಟಕ್ ಸದ್ದು. ಕ್ಲಬ್ಬಿನ ಗೇಟು ಹೋಗಿ ಆಪ್‌ನ ಗೇಟು ಬಂದಿದೆ. ನನ್ನಂಥವರಿಗೆ ಅದು ತೆರೆದಿರೋದರಿಂದ ಅಲ್ಲಿ ಗೇಟು ಇದೆ ಅಂತಾನೇ ಕಾಣ್ತಿಲ್ಲ.

ಅದು ನನಗೆ ಕಂಡಿದ್ದು ನಮ್ಮ ಟೆನಿಸ್ ಕೋಚ್‌ ದೆಸೆಯಿಂದ. ಬೆಳಗ್ಗೆ ಆರರಿಂದ ಏಳೂವರೆ ತನಕ ಅಪಾರ್ಟ್‌ಮೆಂಟಿನ ಹನ್ನೊಂದು ಮಕ್ಕಳಿಗೆ ಅವರು ಕಲಿಸ್ತಿದ್ದರು. ಸಭೆ ಆದ ಮೇಲೆ ಬುಟ್ಟಿ, ಕೋನ್, ಹಳೇ ನೆಟ್ ಎಲ್ಲ ಸ್ಕೂಟರಿಗೆ ಕಟ್ಟಿಕೊಳ್ಳೋಕೆ ಬಂದಿದ್ದಾಗ ಕಾಫಿಗೆ ಕರೆದೆ. ಅವರು ಟೆನಿಸ್‌ಗೆ ಬಂದ ದಾರಿ ಅವತ್ತು ಗೊತ್ತಾಯ್ತು. ಹತ್ತನೇ ವಯಸ್ಸಿಗೆ ಒಂದು ಕ್ಲಬ್ಬಿನಲ್ಲಿ ಚೆಂಡು ಹೆಕ್ಕೋ ಹುಡುಗನಾಗಿ ಸೇರಿದ್ದರು. ಮೆಂಬರುಗಳು ಹೋದ ಮೇಲೆ ಅಲ್ಲಿನ ಮಾರ್ಕರ್, ಅಂದರೆ ಮೆಂಬರುಗಳ ಜೊತೆ ಆಡೋಕೆ ಸಂಬಳಕ್ಕಿದ್ದ ಆಟಗಾರ, ಬಿರುಕು ಬಿಟ್ಟ ರ‍್ಯಾಕೆಟ್ ಕೊಟ್ಟು ಕತ್ತಲಾಗೋವರೆಗೂ ಹೊಡೆಸ್ತಿದ್ದರಂತೆ. ಹದಿನೆಂಟಕ್ಕೆ ಇವರೇ ಮಾರ್ಕರ್ ಆದರು, ಆಮೇಲೆ ಕೋಚ್. ನಮ್ಮ ದೇಶದ ಕ್ಲಬ್ಬುಗಳಲ್ಲಿ ಈ ದಾರಿ ಹಳೇದು.

ನಮ್ಮ ಕೋರ್ಟಿನಲ್ಲೂ ಇಬ್ಬರು ಹುಡುಗರು ಚೆಂಡು ಹೆಕ್ಕೋರು. ಒಬ್ಬ ಗೇಟಿನ ಹೊರಗಿನ ಇಸ್ತ್ರಿ ಗಾಡಿಯವರ ಮಗ. ಕ್ಲಾಸ್ ಮುಗಿದ ಮೇಲೆ ಕೋಚ್ ಆ ಇಬ್ಬರಿಗೂ ಇಪ್ಪತ್ತು ನಿಮಿಷ ಚೆಂಡು ಹಾಕ್ತಿದ್ದರು. ಬಾಲ್ಕನಿಯಿಂದ ನಾನು ನೋಡಿದ್ದೆ. ಅದು ಏನು ಅಂತ ಅರ್ಥ ಆಗಿರಲಿಲ್ಲ. ನಾನು ಬಿಟ್ಟು ಓಡಿಬಂದ ಸರ್ವ್ ಆ ಹುಡುಗನಿಗೆ ಬರ್ತಿತ್ತು.

ಇದನ್ನು ಸುಂದರ ಕಥೆ ಮಾಡೋಕೆ ನಾನು ತಯಾರಿಲ್ಲ. ಶ್ರೀಮಂತರ ಮಕ್ಕಳು ಹೊಡೆದ ಚೆಂಡನ್ನು ಬಡವರ ಮಕ್ಕಳು ಓಡಿ ತರೋದು ಯಾವ ರೀತೀಲೂ ಒಳ್ಳೇ ವ್ಯವಸ್ಥೆ ಅಲ್ಲ, ಅದು ಹೋಗಬೇಕಾದದ್ದೇ. ಆದರೆ ಟೆನಿಸ್ ಕಷ್ಟದ ಆಟ, ದೊಡ್ಡ ಜಾಗದ ಆಟ ಆಗಿದ್ದರಿಂದ ಅದಕ್ಕೆ ಚೆಂಡು ಹೆಕ್ಕೋರು ಬೇಕಿತ್ತು, ವರ್ಷಗಟ್ಟಲೆ ಕಲಿಸೋರು ಬೇಕಿತ್ತು. ಆ ಬೇಡಿಕೆಯಿಂದಲೇ ಹಿತ್ತಲ ಬಾಗಿಲು ಒಂದಿಷ್ಟು ತೆರೆದಿತ್ತು. ಪಿಕಲ್‌ಬಾಲ್‌ನಲ್ಲಿ ಚೆಂಡು ದೂರ ಹೋಗಲ್ಲ, ನಾವೇ ಬಗ್ಗಿ ಎತ್ಕೋತೀವಿ. ನಾವು ಮುಂಬಾಗಿಲನ್ನು ಅಗಲ ಮಾಡಿ, ಹಿತ್ತಲ ಬಾಗಿಲನ್ನು ಮುಚ್ಚಿಬಿಟ್ಟೆವು. ಈಗ ನಮ್ಮ ಕೋರ್ಟ್ ಬುಕ್ ಮಾಡಬೇಕಾದರೆ ಫ್ಲಾಟ್ ನಂಬರ್ ಹಾಕಬೇಕು. ಇಸ್ತ್ರಿ ಗಾಡಿಗೆ ಫ್ಲಾಟ್ ನಂಬರ್ ಇರಲ್ಲ.

ತಪ್ಪು ಆಟದ್ದಲ್ಲ. ತೂತಿನ ಪ್ಲಾಸ್ಟಿಕ್ ಚೆಂಡು, ಒಂದು ಹಲಗೆ, ನೆಲದ ಮೇಲೆ ಬಳಿದ ನಾಲ್ಕು ಗೆರೆ: ಇಷ್ಟು ಸರಳವಾದದ್ದು ಸರ್ಕಾರಿ ಶಾಲೆಯ ಅಂಗಳದಲ್ಲೂ, ವಾರ್ಡಿನ ಪಾರ್ಕಿನಲ್ಲೂ ನಡೀಬೇಕಿತ್ತು. ನಿಜವಾಗಿ 'ಎಲ್ಲರದು' ಆಗೋ ಯೋಗ್ಯತೆ ಇದಕ್ಕೆ ಟೆನಿಸ್‌ಗಿಂತ ಹೆಚ್ಚಿದೆ. ಅದನ್ನು ಗಂಟೆಗಿಷ್ಟು ಅಂತ ಬಾಡಿಗೆಗೆ ಬಿಟ್ಟು ನಮ್ಮ ಬಳಗದ ಗುರುತಿನ ಚೀಟಿ ಮಾಡಿಕೊಂಡವರು ನಾವು.

ಕಳೆದ ತಿಂಗಳು ಕೋಚ್ ಫೋನ್ ಮಾಡಿದ್ದರು. ಈಗ ಇನ್ನೊಂದು ಬಡಾವಣೆಯಲ್ಲಿ ವಾರಕ್ಕೆ ಮೂರು ದಿನ ಕ್ಲಾಸ್ ಇದೆ, ಅಲ್ಲೂ ಕೋರ್ಟ್ ಬದಲಾಯಿಸೋ ಮಾತು ನಡೀತಿದೆ ಅಂದರು. 'ನಾನೂ ಪಿಕಲ್‌ಬಾಲೇ ಕಲಿಸೋಣ ಅಂತಿದ್ದೀನಿ ಸರ್. ಅದನ್ನ ಕಲಿಯೋಕೆ ಎಷ್ಟು ದಿನ ಹಿಡಿಯುತ್ತೆ?'

'ನಿಮಗಾ? ಒಂದು ಬೆಳಗ್ಗೆ ಸಾಕು ಸರ್' ಅಂದೆ, ಖುಷಿಯಿಂದಲೇ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಒಂದೇ ಬೆಳಗ್ಗೆ ಬರೋ ಆಟಕ್ಕೆ ತಿಂಗಳುಗಟ್ಟಲೆ ಫೀಸ್ ಕೊಟ್ಟು ಕೋಚ್ ಇಟ್ಕೊಳ್ಳೋರು ಎಷ್ಟು ಜನ ಅನ್ನೋದು ನನಗೆ ಆಮೇಲೆ ಹೊಳೀತು. ಅವರಿಗೆ ಆಗಲೇ ಹೊಳೆದಿತ್ತು ಅನ್ಸುತ್ತೆ.

ವಾರದ ದಿನಗಳಲ್ಲಿ ಸಂಜೆ ನಾಲ್ಕರಿಂದ ಐದು ನಮ್ಮ ನಾಲ್ಕೂ ಕೋರ್ಟ್ ಖಾಲಿ ಇರುತ್ತವೆ. ನಾವೆಲ್ಲ ಆಫೀಸಿನಲ್ಲಿರೋ ಹೊತ್ತು ಅದು. ಆ ಒಂದು ಗಂಟೆ ಇಲ್ಲಿ ಕೆಲಸ ಮಾಡೋರ ಮಕ್ಕಳಿಗೆ ಬಿಡೋಣ, ಕಲಿಸೋಕೆ ಕೋಚ್‌ರನ್ನೇ ಕರೆಯೋಣ, ಅವರ ಫೀಸ್ ಅಸೋಸಿಯೇಷನ್ ಕೊಡಲಿ ಅಂತ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದೆ. ಆರು ಥಂಬ್ಸ್ ಅಪ್ ಬಂತು. ಒಬ್ಬರು 'ಯಾರಿಗಾದರೂ ಏಟಾದರೆ ಜವಾಬ್ದಾರಿ ಯಾರದು?' ಅಂತ ಕೇಳಿದರು. ಬ್ಯಾಂಕ್ ಆಂಟಿ ಮಾತ್ರ ನೇರವಾಗಿ ಮನೆಗೇ ಬಂದು, ತಮ್ಮ ಹಳೇ ಎರಡು ಪ್ಯಾಡಲ್ ಕೊಟ್ಟು ಹೋದರು.

ಮುಂದಿನ ಸಭೆಯಲ್ಲಿ ಇದು ಚರ್ಚೆಗೆ ಬರುತ್ತೆ. ಕಾಫಿಗೆ ಮುಂಚೆ ತೆಗೆದುಕೊಳ್ಳಿ ಅಂತ ಸೆಕ್ರೆಟರಿಗೆ ಹೇಳಿದ್ದೀನಿ.