ಸಿಗಲಿಲ್ಲ ಅಂದ್ರೆ ಇಲ್ಲ ಅಂತಲ್ಲ

ವೇಗದ ಹುಡುಕಾಟ ಅಂದ್ರೆ ಕೋಡ್ ಬರೆಯೋ ಎಲ್ಲರಿಗೂ ಪ್ರೀತಿ. ನನಗೂ. 1977ರಲ್ಲಿ ಬಾಯರ್ ಮತ್ತು ಮೂರ್ ಪ್ರಕಟಿಸಿದ ಉಪಾಯ ಈಗಲೂ ಚೆಂದ: ಪದವನ್ನು ಕೊನೆಯಿಂದ ಹೋಲಿಸು. 'ಹುನಗುಂದ' ಹುಡುಕುವಾಗ ಕೊನೆಯ 'ದ'ಕ್ಕೆ ಎದುರಾಗಿ 'ಬಾದಾಮಿ'ಯ 'ಮಿ' ಬಂತು ಅನ್ನಿ. ಆ ಅಕ್ಷರ ಹುನಗುಂದದಲ್ಲಿ ಇಲ್ಲವೇ ಇಲ್ಲ. ಇಡೀ ಪದದಷ್ಟು ದೂರ ಒಂದೇ ಜಿಗಿತ. ಎಲ್ಲ ಅಕ್ಷರ ಓದುವ ಗೋಜಿಲ್ಲ.

ನನ್ನ ತಕರಾರು ವೇಗದ ಬಗ್ಗೆ ಅಲ್ಲ, 'ನಿಖರ' ಅನ್ನೋ ಮಾತಿನ ಬಗ್ಗೆ. ಒಮ್ಮೆ ಒಂದು ಪಟ್ಟಿಯಲ್ಲಿ 'ಬಾಗಲಕೋಟೆ' ಹುಡುಕಿದೆ. ಉತ್ತರ ಸೊನ್ನೆ. ಊರಿನ ಹೆಸರು ಕಣ್ಣೆದುರೇ ಇತ್ತು! ಯೂನಿಕೋಡ್‌ನಲ್ಲಿ 'ಕೋ'ದ ಓಕಾರವನ್ನು ಒಂದೇ ಸಂಕೇತವಾಗಿ ಇಡಬಹುದು, ಮೂರು ಬಿಡಿ ಸಂಕೇತಗಳಾಗಿಯೂ ಇಡಬಹುದು. ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ. ಇದು ಸಾಲದು ಅಂತ ಇಳಕಲ್, ಇಲಕಲ್ ಎರಡನ್ನೂ ನಮ್ಮ ಜನ ಬರೀತಾರೆ.

ಮೊದಲು ಪಠ್ಯವನ್ನೂ ಹುಡುಕುವ ಪದವನ್ನೂ ಒಂದೇ ರೂಪಕ್ಕೆ ತನ್ನಿ, ಊರಿನ ಎಲ್ಲ ಕಾಗುಣಿತಗಳನ್ನೂ ಸೇರಿಸಿ, ಆಮೇಲೆ ಜಿಗಿಯಿರಿ. ಇಲ್ಲದಿದ್ರೆ ಪಟ್ಟಿಯಲ್ಲೇ ಇರೋ ಇಳಕಲ್ಲಿನ ನೇಕಾರರಿಗೆ ನಮ್ಮ ಪ್ರೋಗ್ರಾಂ 'ನಿಮ್ಮ ಹೆಸರಿಲ್ಲ' ಅನ್ನುತ್ತೆ. ಅದೂ ಬಲು ಬೇಗ.