ಎಳೆಯ ತೊಡೆಮೂಳೆ ಮತ್ತು ಎಕ್ಸ್‌ರೇಯ ಮೋಹ

ಮಲೇಶಿಯಾದಲ್ಲಿ ಕಪ್ಚಾಯ್ ಎಂದು ಕರೆಯುವ ಸಣ್ಣ ಮೋಟಾರು ಸೈಕಲ್ಲಿನಿಂದ ಬಿದ್ದೋ ಮೆಟ್ಟಿಲಿನಿಂದ ಉರುಳಿಯೋ ತೊಡೆಮೂಳೆ ಮುರಿದುಕೊಂಡ ಮೂರು ನಾಲ್ಕು ವರ್ಷದ ಮಗುವಿಗೆ ಶಸ್ತ್ರಕ್ರಿಯೆಯೇ ಶ್ರೇಷ್ಠವೆಂಬ ಭಾವನೆ ವಿದ್ಯಾವಂತ ತಂದೆತಾಯಿಯರಲ್ಲಿ, ಕ್ವಾಲಾಲಂಪುರಕ್ಕೆ ಉದ್ಯೋಗಾರ್ಥವಾಗಿ ಬಂದ ನಮ್ಮವರಲ್ಲಿಯೂ, ಬೇರೂರಿದೆ. ಫ್ರಾನ್ಸಿನ ನಾನ್ಸಿ ನಗರದ ವೈದ್ಯರು ರೂಪಿಸಿ, ತಮ್ಮ ಅನುಭವವನ್ನು 1988ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ, ಮೂಳೆಯೊಳಗೆ ತೂರಿಸುವ ಬಾಗುವ ಲೋಹಸಲಾಕೆಗಳ ಕೀರ್ತಿಯೇ ಇದಕ್ಕೆ ಕಾರಣ. ಐದರಿಂದ ಹನ್ನೊಂದು ವರ್ಷದವರ ಮಟ್ಟಿಗೆ ಆ ಕೀರ್ತಿ ನ್ಯಾಯವಾದುದು. ಅದಕ್ಕಿಂತ ಕಿರಿಯರಿಗೂ ಅದನ್ನು ವಿಸ್ತರಿಸಿ, ಸೊಂಟದಿಂದ ಕಾಲಿನವರೆಗೆ ಆವರಿಸುವ ಸ್ಪೈಕಾ ಪ್ಲಾಸ್ಟರನ್ನು ಬಡವರ ಚಿಕಿತ್ಸೆಯೆಂದು ಕಡೆಗಣಿಸುವುದು ಅನ್ಯಾಯ.

ಪ್ಲಾಸ್ಟರನ್ನು ಜರೆಯುವವರು ಮುಂದೊಡ್ಡುವ ಪ್ರಮಾಣ ಎಕ್ಸ್‌ರೇ ಚಿತ್ರ. ಮುರಿದ ಎರಡು ತುದಿಗಳು ಒಂದರ ಪಕ್ಕದಲ್ಲೊಂದು ಸೆಂಟಿಮೀಟರಿನಷ್ಟು ಸರಿದಿರುವುದನ್ನು ಕಂಡ ತಾಯಿ ನಡುಗುವುದು ಸಹಜವೇ. ಆದರೆ ಮುರಿತದ ಅನಂತರ ಮೂಳೆಗೆ ರಕ್ತಸಂಚಾರ ಹೆಚ್ಚಿ, ಎರಡರಿಂದ ಹತ್ತು ವರ್ಷದ ಮಕ್ಕಳಲ್ಲಿ ಆ ತೊಡೆ ಮುಂದಿನ ಒಂದೆರಡು ವರ್ಷಗಳಲ್ಲಿ ಇನ್ನೊಂದು ತೊಡೆಗಿಂತ ಸರಾಸರಿ ಸುಮಾರು 1 ಸೆಂಟಿಮೀಟರು ಹೆಚ್ಚಾಗಿ ಬೆಳೆಯುವುದರಿಂದ, ಸರಿದುದರಿಂದಾದ ಆ ಗಿಡ್ಡತನವನ್ನು ಉಳಿಸಿಕೊಟ್ಟ ವೈದ್ಯನು ಅಜಾಗರೂಕನಲ್ಲ, ದೂರದರ್ಶಿ. ಮುಂದಕ್ಕೆ ಬಾಗಿದ ಮೂಳೆಯನ್ನೂ ಬೆಳವಣಿಗೆ ಬಹುಮಟ್ಟಿಗೆ ನೇರಗೊಳಿಸುತ್ತದೆ. ಅದು ಸುಲಭವಾಗಿ ಸರಿಪಡಿಸಲಾರದ ದೋಷವೆಂದರೆ ತಿರುಚು: ಮೊಣಕಾಲಚಿಪ್ಪು ಒಂದು ದಿಕ್ಕಿಗೆ, ತೊಡೆಯ ಮೇಲ್ಭಾಗ ಇನ್ನೊಂದು ದಿಕ್ಕಿಗೆ ತಿರುಗಿ ಕೂಡಿಕೊಂಡ ಕಾಲು. ಸಾಮಾನ್ಯ ಎಕ್ಸ್‌ರೇ ತಾನಾಗಿ ಗುಣವಾಗುವುದನ್ನು ಎತ್ತಿ ತೋರಿ, ಗುಣವಾಗದುದನ್ನು ಮರೆಮಾಚುತ್ತದೆ. ಆದುದರಿಂದ ನಿಪುಣನಾದವನು ಚಿತ್ರಕ್ಕಿಂತ ಮುಂಚೆ ಮಗುವಿನ ಎರಡು ಕಾಲುಗಳನ್ನು ಅಕ್ಕಪಕ್ಕ ಇಟ್ಟು ನೋಡುತ್ತಾನೆ. ಸಲಾಕೆಯೂ ಈ ಪರೀಕ್ಷೆಯಿಂದ ಯಾರನ್ನೂ ಮುಕ್ತಗೊಳಿಸದು. ಅದರ ತುದಿ ಮೊಣಕಾಲಿನ ಬಳಿ ಚರ್ಮವನ್ನು ಚುಚ್ಚುವುದುಂಟು; ಅದನ್ನು ತೆಗೆಯಲು ಸಾಮಾನ್ಯವಾಗಿ ಎರಡನೆಯ ಶಸ್ತ್ರಕ್ರಿಯೆ ಬೇಕು.

ಪ್ಲಾಸ್ಟರೂ ನಿರ್ದೋಷಿಯಲ್ಲ. ಕೆಳಗಾಲಿಗೆ ಮೊದಲು ಪ್ಲಾಸ್ಟರು ಹಾಕಿ, ಅದನ್ನೇ ಹಿಡಿದೆಳೆದು ಮಿಕ್ಕದ್ದನ್ನು ಸುತ್ತುವ ವಿಧಾನದಲ್ಲಿ ಸ್ನಾಯುಗಳನ್ನು ಸುತ್ತಿದ ಬಿಗಿಪೊರೆಯೊಳಗೆ ಒತ್ತಡವೇರಿ ಕಾಲೇ ಹಾಳಾದ ಪ್ರಕರಣಗಳು ವರದಿಯಾಗಿವೆ. ಬ್ರಯಂಟನ ಹೆಸರಿನ ಎರಡೂ ಕಾಲುಗಳನ್ನು ಮೇಲಕ್ಕೆ ತೂಗುಹಾಕುವ ಎಳೆತವನ್ನು ಎರಡು ವರ್ಷ ಮೀರಿದವರಿಗೆ ಬಳಸುವುದೂ ಅಪಾಯಕರ. ದೋಷವಿರುವುದು ಕೈಯಲ್ಲಿ, ಅದನ್ನು ವಸ್ತುವಿನ ಮೇಲೆ ಹೊರಿಸುವುದು ವಿಮರ್ಶೆಯಲ್ಲ.

ಇಲ್ಲಿ ಇನ್ನೊಂದು ಪಕ್ಷದೊಡನೆಯೂ ನನ್ನ ಜಗಳವಿದೆ. ಮುರಿದ ಮೂಳೆ ಕಟ್ಟುವ ಮಲಯರ ಬೊಮೊ ಪತಾ ವೈದ್ಯರನ್ನೂ ನಮ್ಮ ಪುತ್ತೂರು ಕಟ್ಟನ್ನೂ ಎತ್ತಿಹಿಡಿಯುವವರು, ಎಣ್ಣೆ ಸವರಿ ಬಿದಿರು ಕಟ್ಟಿದ ಕಾಲು ಕೂಡಿಕೊಂಡುದನ್ನು ಸಾಕ್ಷಿಯಾಗಿ ತೋರುತ್ತಾರೆ. ಮಗುವಿನ ಮೂಳೆ ಬಹುಮಟ್ಟಿಗೆ ತಾನೇ ಕೂಡಿಕೊಳ್ಳುತ್ತದೆ. ಅದರ ಮೇಲಿನ ಪೊರೆಯ ಕೆಲಸಕ್ಕೆ ಎಣ್ಣೆ ಏಕೆ ಯಶಸ್ಸು ಪಡೆಯಬೇಕು? ಬಿಗಿಯಾದ ಕಟ್ಟು ರಕ್ತವನ್ನು ತಡೆದರೆ ಕಾಲನ್ನೇ ಕಳೆದುಕೊಳ್ಳಬೇಕಾದೀತು. ಸಾಂಪ್ರದಾಯಿಕ ವೈದ್ಯರನ್ನು ನಿಯಮಕ್ಕೊಳಪಡಿಸುವ ಕಾಯಿದೆಯನ್ನು ಮಲೇಶಿಯಾ 2016ರಲ್ಲಿ ಮಾಡಿದ್ದು ಯೋಗ್ಯವಾದ ಕ್ರಮ. ಆದರೆ ಮೂಳೆ ತಾನೇ ಕೂಡಿಕೊಳ್ಳುತ್ತದೆಂಬ ಇದೇ ತರ್ಕವು ಸಲಾಕೆಯ ಸ್ತುತಿಪಾಠಕರಿಗೂ ತಗಲುತ್ತದೆಯೆಂಬುದನ್ನು ಅವರು ಮರೆಯಬಾರದು.

ತಂದೆತಾಯಿಯರು ವೈದ್ಯರನ್ನು ಕೇಳಬೇಕಾದುದು ಇಷ್ಟು: ನನ್ನ ಮಗುವಿನ ವಯಸ್ಸಿಗೂ ತೂಕಕ್ಕೂ ಇದೇ ಏಕೆ, ಪಾದದ ದಿಕ್ಕು ಸರಿಯಿದೆಯೇ? ಪ್ಲಾಸ್ಟರಿನೊಳಗೆ ಬೆರಳು ತಣ್ಣಗಾದರೆ, ನೀಲಿಗಟ್ಟಿದರೆ, ನೋವು ಔಷಧಿಗೆ ಬಗ್ಗದಿದ್ದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಮರಳಿ ಹೋಗಿರಿ.