ಮೊಣಕಾಲು ಕೊಟ್ಟ ಉತ್ತರ

2024ರ ನವೆಂಬರ್ 26ರಿಂದ ಒಂದು ತಿಂಗಳು ಕೇಂದ್ರ ಆಯುಷ್ ಸಚಿವಾಲಯ ದೇಶದುದ್ದಕ್ಕೂ ಪ್ರಕೃತಿ ಪರೀಕ್ಷಾ ಅಭಿಯಾನ ನಡೆಸಿತು. ಒಂದು ಕೋಟಿಗೂ ಹೆಚ್ಚು ಜನ ಮೊಬೈಲ್ ಆ್ಯಪ್‌ನ ಪ್ರಶ್ನೆಗಳಿಗೆ ಉತ್ತರಿಸಿ ತಮ್ಮದು ವಾತವೋ ಪಿತ್ತವೋ ಕಫವೋ ಎಂದು ತಿಳಿದುಕೊಂಡರು. ಆರೋಗ್ಯವಾಗಿರುವವರಿಗೆ ಇದೊಂದು ಕುತೂಹಲ, ಅಷ್ಟೇ. ದೀರ್ಘ ಕಾಯಿಲೆಯಿಂದ ಎದ್ದು, ಬದುಕನ್ನು ಮೊದಲಿನಿಂದ ಹೊಂದಿಸಿಕೊಳ್ಳುತ್ತಿರುವವರು ಮಾತ್ರ ಬಂದ ಫಲಿತಾಂಶವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ನನ್ನ ಆತಂಕ ಇರುವುದು ಅಲ್ಲಿ.

ಖಾನಾಪುರ ತಾಲೂಕಿನ ಬೀಡಿಯಲ್ಲಿ ಚಿಕುನ್‌ಗುನ್ಯ ಬಂದು ಹೋದ ರೈತ ಹೆಣ್ಣುಮಗಳೊಬ್ಬಳು ಈ ಪ್ರಶ್ನೆಗಳ ಮುಂದೆ ಕೂತಿದ್ದಾಳೆ ಎಂದುಕೊಳ್ಳಿ. ಜ್ವರ ವಾರದಲ್ಲಿ ಇಳಿದರೂ ಕೀಲುನೋವು ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಉಳಿಯುವ ರೋಗವದು. ನಡಿಗೆ ಹೇಗೆ? ಸಾವಕಾಶ. ನಿದ್ದೆ? ನಡುನಡುವೆ ಎಚ್ಚರ. ಮದುವೆಮನೆಗೆ ಹೋಗಿ ಬಂದರೆ ಹುರುಪೋ ದಣಿವೋ? ದಣಿವೇ. ಮೊದಲ ಉತ್ತರ ಅವಳನ್ನು ಕಫದ ಕಡೆ ತಳ್ಳುತ್ತದೆ, ಎರಡನೆಯದು ವಾತದ ಕಡೆ. ಮೂರನೆಯದು ಪಾಶ್ಚಾತ್ಯ ಮಾದರಿಯ ವ್ಯಕ್ತಿತ್ವ ಪರೀಕ್ಷೆಯಲ್ಲಾದರೆ ಅವಳನ್ನು ಅಂತರ್ಮುಖಿ ಎಂದು ಕರೆಯುತ್ತದೆ. ಹಿಂದಿನ ಮಳೆಗಾಲದಲ್ಲಿ ಭತ್ತದ ನಾಟಿಗೆ ಹತ್ತು ಜನರನ್ನು ಕೂಡಿಸಿ ಎಲ್ಲರಿಗಿಂತ ಮುಂದೆ ಗದ್ದೆಗೆ ಇಳಿದವಳು ಅವಳೇ. ಈ ಉತ್ತರಗಳನ್ನು ಕೊಟ್ಟದ್ದು ಅವಳ ಮೊಣಕಾಲು.

ಚರಕನಿಗೆ ಈ ತೊಡಕು ಗೊತ್ತಿತ್ತು. ಚರಕಸಂಹಿತೆಯ ವಿಮಾನಸ್ಥಾನದ ಎಂಟನೆಯ ಅಧ್ಯಾಯದಲ್ಲಿ ರೋಗಿಯನ್ನು ಹತ್ತು ಬಗೆಯಲ್ಲಿ ನೋಡಬೇಕು ಎಂದಿದೆ. ಹುಟ್ಟುಸ್ವಭಾವವಾದ ಪ್ರಕೃತಿಯ ಬೆನ್ನಿಗೇ ರೋಗ ತಂದ ಬದಲಾವಣೆ, ಅಂದರೆ ವಿಕೃತಿ, ಬರುತ್ತದೆ. ಮುಂದೆ ಮನಸ್ಸಿನ ಬಲ, ಉಣ್ಣುವ ಶಕ್ತಿ, ಶ್ರಮ ತಾಳುವ ಶಕ್ತಿ, ವಯಸ್ಸು ಎಲ್ಲವೂ ಇವೆ. ಒಂದನ್ನೇ ಎತ್ತಿಕೊಂಡು ಉಳಿದ ಒಂಬತ್ತನ್ನು ಬಿಟ್ಟರೆ ಅದು ಶಾಸ್ತ್ರಕ್ಕೂ ನ್ಯಾಯವಲ್ಲ. 1933ರಿಂದ ಆಯುರ್ವೇದ ಕಾಲೇಜು ನಡೆಯುತ್ತಿರುವ ಬೆಳಗಾವಿಯಂಥ ಊರಿನಲ್ಲಿ ಈ ಮಾತು ಇನ್ನಷ್ಟು ಜೋರಾಗಿ ಕೇಳಬೇಕಿತ್ತು.

ಹದಿನಾರು ಬಗೆಯ ವ್ಯಕ್ತಿತ್ವ ಹೇಳುವ ಮೈಯರ್ಸ್–ಬ್ರಿಗ್ಸ್ ಪಟ್ಟಿಯ ಬುಡ ಇನ್ನೂ ಸಡಿಲ. ಮನೋವಿಜ್ಞಾನಿ ಯೂಂಗ್ 1921ರಲ್ಲಿ ಪ್ರಕಟಿಸಿದ ವಿಚಾರಗಳ ಮೇಲೆ ತಾಯಿ-ಮಗಳಿಬ್ಬರು ಕಟ್ಟಿದ ಪಟ್ಟಿ ಅದು. ಕೆಲವೇ ವಾರ ಬಿಟ್ಟು ಮತ್ತೆ ಉತ್ತರಿಸಿದರೆ ಎಷ್ಟೋ ಜನರ ಗುಂಪೇ ಬದಲಾಗುತ್ತದೆ. ಇದಕ್ಕಿಂತ ಕೆಟ್ಟದ್ದು ಸ್ವಭಾವವನ್ನೇ ರೋಗಕ್ಕೆ ಹೊಣೆ ಮಾಡುವುದು. 1959ರಲ್ಲಿ ಫ್ರೀಡ್‌ಮನ್ ಮತ್ತು ರೋಸೆನ್‌ಮನ್ ಎಂಬ ಹೃದ್ರೋಗ ವೈದ್ಯರು ಧಾವಂತದ ‘ಟೈಪ್ ಎ’ ಸ್ವಭಾವಕ್ಕೂ ಹೃದ್ರೋಗಕ್ಕೂ ನಂಟು ಹಾಕಿದರು. ಮುಂದಿನ ಹಲವು ಅಧ್ಯಯನಗಳಲ್ಲಿ ಆ ನಂಟು ನಿಲ್ಲಲಿಲ್ಲ. ಆದರೂ ನಮ್ಮ ಕಡೆ “ಭಾಳ ತಲಿ ಕೆಡಿಸ್ಕೋತಾಳ, ಅದಕ್ಕ ಜಡ್ಡು ಬಂತು” ಎನ್ನುವವರಿಗೆ ಕೊರತೆಯಿಲ್ಲ. ನರಳುವವಳ ತಲೆಗೆ ತಪ್ಪನ್ನೂ ಕಟ್ಟುವ ಮಾತಿದು; ಇದಕ್ಕೆ ವಿಜ್ಞಾನದ ವೇಷ ಹಾಕುವುದನ್ನು ನಾನು ಒಪ್ಪಲಾರೆ.

ಹಾಗೆಂದು ಸ್ವಭಾವ ತಿಳಿದುಕೊಳ್ಳುವುದೇ ದಂಡ ಎನ್ನಲಾರೆ. ಮೈ ಹಗುರಾದ ದಿನ ಕೂಡಿಬಿದ್ದ ಕೆಲಸವನ್ನೆಲ್ಲ ಒಂದೇ ಉಸಿರಿಗೆ ಮುಗಿಸಿ, ಮುಂದಿನ ಮೂರು ದಿನ ಹಾಸಿಗೆ ಹಿಡಿಯುವವರಿದ್ದಾರೆ. ಒಂದು ಕೊಡ ನೀರು ತಂದುಕೊಡು ಎಂದು ಸೊಸೆಗೂ ಹೇಳಲು ಸಂಕೋಚಪಡುವವರಿದ್ದಾರೆ. ಇಬ್ಬರಿಗೂ ‘ವಿಶ್ರಾಂತಿ ತಗೋರಿ’ ಎಂಬ ಒಂದೇ ಸಲಹೆ ಸಾಲದು. ಮೊದಲನೆಯವರಿಗೆ ಒಳ್ಳೆಯ ದಿನದಲ್ಲೂ ಅರ್ಧಕ್ಕೆ ಏಳುವ ಅಭ್ಯಾಸ ಬೇಕು. ಎರಡನೆಯವರಿಗೆ ಕೇಳದೆಯೇ ಕೈಹಿಡಿಯುವ ಮನೆಮಂದಿ ಬೇಕು. ಇಷ್ಟು ಗುರುತಿಸಿಕೊಳ್ಳಲು ನೆರವಾದರೆ ಯಾವ ಪ್ರಶ್ನಾವಳಿಯೂ ಉಪಯುಕ್ತವೇ.

ಅದಕ್ಕೆ ಒಂದು ತಿದ್ದುಪಡಿ ಬೇಕು. ಪ್ರತಿ ಪ್ರಶ್ನೆಗೂ ಎರಡು ಉತ್ತರ ಬರೆಯಬೇಕು: ಜಡ್ಡು ಬೀಳುವ ಮೊದಲು ಹೇಗಿದ್ದಿರಿ, ಈಗ ಹೇಗಿದ್ದೀರಿ. ಮೊದಲಿನದನ್ನು ಮನೆಯ ಇನ್ನೊಬ್ಬರಿಂದಲೂ ಕೇಳಿಸಿಕೊಳ್ಳಬೇಕು. ಎರಡೂ ಹೊಂದುವ ಕಡೆ ಸ್ವಭಾವ ಸಿಗಬಹುದು. ಹೊಂದದ ಸಾಲುಗಳಿಗೆ ಗೆರೆ ಎಳೆದು, ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಆ ಹಾಳೆಯನ್ನು ಡಾಕ್ಟರ ಮುಂದಿಡಬೇಕು.